ಉದ್ಘಾಟನೆಗೆ ಕಾದ ಉಯ್ಯಾಲೆ

ನನ್ನ ಸೋದರಮಾವನಿಗೆ ಈ ಜಗತ್ತಿನಲ್ಲಿ ಇದ್ದದ್ದು ಒಂದೇ ಶತ್ರು: ನಾಗಮಂಗಲದ ನಮ್ಮ ಬಡಾವಣೆಯ ಪಾರ್ಕಿನಲ್ಲಿದ್ದ ತಗಡಿನ ಜಾರುಬಂಡೆ! ನಗಬೇಡಿ. ಅದರ ತಗಡು ತುಕ್ಕು ಹಿಡಿದು ನಡುವೆ ಬಾಯಿ ಬಿಟ್ಟುಕೊಂಡಿತ್ತು. ಪಕ್ಕದ ಉಯ್ಯಾಲೆ ಒಂದೇ ಸರಪಳಿಯಲ್ಲಿ ನೇತಾಡುತ್ತಿತ್ತು. ಕುಡಿಯುವ ನೀರಿನ ನಲ್ಲಿ ತಿರುಗಿಸಿದರೆ ಬುಸ್ ಎಂದು ಗಾಳಿ ಬರುತ್ತಿತ್ತು. ದಿನಾ ಸಂಜೆ ತನ್ನ ಅಕ್ಕನನ್ನು, ಅಂದರೆ ನನ್ನ ಅಮ್ಮನನ್ನು, ವಾಕಿಂಗ್ ಕರೆದುಕೊಂಡು ಹೋಗುವ ಮಾವನಿಗೆ ಇದನ್ನು ನೋಡಿ ನೋಡಿ ಮೈ ಉರಿಯುತ್ತಿತ್ತು.

ಪಾರ್ಕು ಸಮಿತಿಯವರಿಗೆ ಹೇಳಿದ. "ಮಾಡ್ಸೋಣ" ಅಂದರು. ಮತ್ತೆ ಹೇಳಿದ. "ಅಂಥಾದ್ದೇನ್ ಕೆಟ್ಟಿಲ್ಲ ಬುಡಿ" ಅಂದರು. ಬೇರೆಯವರಾಗಿದ್ದರೆ ಒಂದು ಫೋಟೋ ತೆಗೆದು ವಾಟ್ಸಾಪಿಗೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ನನ್ನ ಮಾವ? ತಾನೇ ಏಣಿ ಹತ್ತಿ, ಮೇಲೆ ಕೂತು, ಸುಯ್ಯನೆ ಜಾರಿಯೇಬಿಟ್ಟ! ಅರ್ಧ ಪಂಚೆ ಜಾರುಬಂಡೆಯಲ್ಲಿ ಉಳಿಯಿತು. ಮಿಕ್ಕ ಅರ್ಧ ಸುತ್ತಿಕೊಂಡು ನೇರವಾಗಿ ಸಮಿತಿ ಅಧ್ಯಕ್ಷರ ಮನೆಗೆ ಹೋದ.

"ಈ ವಯಸ್ನಲ್ಲಿ ನಿಮಗ್ಯಾಕೆ ಯಜಮಾನ್ರೆ ಜಾರೋ ಚಪಲ?" ಎಂದರು ಅಧ್ಯಕ್ಷರು.

"ನನ್ ಪಂಚೆ ಅರ್ದೋಯ್ತು, ಹೊಲಿಸ್ಕತೀನಿ. ಮಗೀನ ತೊಡೆ ಅರ್ದೋದ್ರೆ ನೀನ್ ಹೊಲ್ದು ಕೊಟ್ಟೀಯೇನಯ್ಯಾ?"

ಅಧ್ಯಕ್ಷರು ಪರಿಶೀಲನೆಗೆ ಬರಲೇಬೇಕಾಯಿತು. ಬಂದವರನ್ನು ಮಾವ ಬಲು ಪ್ರೀತಿಯಿಂದ ಬೆಂಚಿನ ಮೇಲೆ ಕೂರಿಸಿ, ಗೇಟಿನ ಹೊರಗಿನ ಗಾಡಿಯಿಂದ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ತರಿಸಿಕೊಟ್ಟ. ಗಾಡಿಯವನಿಗೆ ಅತ್ಯಂತ ಖಾರದ ಕಾಯಿಯನ್ನೇ ಹಾಕಲು ಹೇಳಿದ್ದನಂತೆ! ಅಧ್ಯಕ್ಷರು ಮೂಗು, ಕಣ್ಣು ಎಲ್ಲ ಕೆಂಪಾಗಿ "ನೀರು, ನೀರು" ಎಂದು ಒದ್ದಾಡಿದರು. ಮಾವ ಕೈ ಮುಗಿದು ನಲ್ಲಿ ತೋರಿಸಿದ. "ಅಗಾ, ನಿಮ್ದೇ ನಲ್ಲಿ. ತಿರುಗ್ಸಿ, ಕುಡೀರಿ."

ಅಷ್ಟು ದಿನ ನಡೆಯದ ಕೆಲಸ ಆ ಬಜ್ಜಿಯಿಂದ ನಡೆಯಿತು. ಹೊಸ ಜಾರುಬಂಡೆ, ಹೊಸ ಉಯ್ಯಾಲೆ, ಸ್ಟೀಲಿನ ನೀರಿನ ಟ್ಯಾಂಕು ಎಲ್ಲ ಬಂದವು.

ಬಂದು ಏನು ಪ್ರಯೋಜನ? ಎಲ್ಲಕ್ಕೂ ಪ್ಲಾಸ್ಟಿಕ್ ಸುತ್ತಿ, ಹಗ್ಗ ಬಿಗಿದು, ಕಾವಲಿಗೆ ವಾಚ್‌ಮನ್ ನಿಲ್ಲಿಸಿದರು. ಉದ್ಘಾಟನೆ ಆಗಬೇಕಂತೆ! ಅತಿಥಿಗಳಿಗೆ ಮೊದಲು ಯಾರದೋ ಮದುವೆ, ಆಮೇಲೆ ಮೀಟಿಂಗು, ಆಮೇಲೆ ದಿನ ಚೆನ್ನಾಗಿಲ್ಲ. ಮಕ್ಕಳ ಬೇಸಿಗೆ ರಜೆ ಮುಗಿಯುತ್ತಾ ಬಂತು. ಅವು ಕಂಬಿಗೆ ಮುಖ ಒತ್ತಿಕೊಂಡು ಆಚೆ ನಿಂತಿರುತ್ತಿದ್ದವು. ಹೋಗಲಿ, ಉಯ್ಯಾಲೆ ಕಾಯಲಿ. ನೀರಿಗೂ ರಿಬ್ಬನ್ನೇ? ಕತ್ತರಿ ಆಡಿಸದೆ ಇದ್ದರೆ ನೀರು ಗಂಟಲಲ್ಲಿ ಇಳಿಯುವುದಿಲ್ಲವೇ? ಈಗ ನೆನೆದರೂ ನನಗೆ ರಕ್ತ ಕುದಿಯುತ್ತದೆ.

"ಹುಟ್ಟಿದ್ ಕೂಸ್ಗೂ ಉದ್ಘಾಟನೆ ಆಗೋಗಂಟ ಉಸಿರಾಡ್ಬೇಡ ಅಂತೀರೇನ್ರಯ್ಯಾ?" ಎಂದು ಮಾವ ಕೂಗಾಡಿದ. ವಾಚ್‌ಮನ್ ಪಾಪ, "ನನ್ ಕೆಲ್ಸ ಹೋಯ್ತದೆ ಯಜಮಾನ್ರೆ" ಅಂದ.

ಮಾವ ಇದ್ದಕ್ಕಿದ್ದಂತೆ ಮೆತ್ತಗಾದ. "ಆಯ್ತು, ಉದ್ಘಾಟನೆ ನೀವೇ ಮಾಡ್ಕಳಿ. ಒಂದ್ ಪೂಜೆ ಮಾಡ್ಬೌದಾ?" ಪೂಜೆಗೆ ಬೇಡ ಅನ್ನುವ ಧೈರ್ಯ ಯಾರಿಗಿದೆ? ಮರುದಿನ ಬೆಳಿಗ್ಗೆ ನಮ್ಮನ್ನೆಲ್ಲ ಕರೆದುಕೊಂಡು ಹೋದ. ಹೊಸ ಟ್ರಾಕ್ಟರಿಗೆ ಮಾಡುವ ಹಾಗೆಯೇ ಉಯ್ಯಾಲೆಗೆ ಪ್ಲಾಸ್ಟಿಕ್ಕಿನ ಮೇಲೆಯೇ ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಕೆಳಗೆ ನಿಂಬೆಹಣ್ಣಿಟ್ಟ. ನಲ್ಲಿಗೂ ಊದುಬತ್ತಿ ಬೆಳಗಿದ. ತೆಂಗಿನಕಾಯಿಯನ್ನು ವಾಚ್‌ಮನ್ ಕೈಯಲ್ಲೇ ಒಡೆಸಿದ. ಒಡೆದ ಮೇಲೆ ಕೇಳಿದ:

"ಪೂಜೆ ಮಾಡಿದ್ ಗಾಡೀನ ಓಡಿಸ್ದೆ ಅಂಗೇ ನಿಲ್ಲುಸ್ತಾರೇನ್ಲಾ?"

"ಉಂಟಾ? ನಿಂಬೆಣ್ಣಿನ್ ಮ್ಯಾಲೆ ಹತ್ತಿಸಿ ಒಂದ್ ಸುತ್ತಾದ್ರೂ ಓಡಿಸ್ಬೇಕು, ಇಲ್ದಿದ್ರೆ ಒಳ್ಳೇದಲ್ಲ," ಎಂದ ವಾಚ್‌ಮನ್. ಎಂದವನು ತನ್ನ ಮಾತಿಗೆ ತಾನೇ ಬೆಚ್ಚಿದ. ಒಡೆದ ಕಾಯಿ ನೋಡಿದ, ಉಯ್ಯಾಲೆ ನೋಡಿದ. ಅಧ್ಯಕ್ಷರ ಹೆದರಿಕೆಗಿಂತ ದೇವರ ಹೆದರಿಕೆ ದೊಡ್ಡದಾಯಿತು. ತಾನೇ ಹಗ್ಗ ಬಿಚ್ಚಿದ, ನಲ್ಲಿಯ ಪ್ಲಾಸ್ಟಿಕ್ಕನ್ನೂ ಕಿತ್ತ.

ಮಕ್ಕಳು ಹೋ ಎಂದು ನುಗ್ಗಿದವು. ಮಾವ ಎರಡೂ ಕೈ ಅಡ್ಡ ಹಿಡಿದ. "ಒಸಿ ತಡೀರಿ ಕಣ್ರಲಾ. ಅಕ್ಕಾ, ಬಾ. ಕುಂತ್ಕ."

"ಥೂ, ಸುಮ್ಕಿರ್ಲಾ! ಜನ ನೋಡ್ತಾವ್ರೆ," ಎಂದು ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ನೋಡ್ಲಿ ಬುಡು," ಎಂದು ಮಾವ ನನ್ನ ಕಡೆ ತಿರುಗಿದ. ದನಿ ಇಳಿದಿತ್ತು. "ಹಬ್ಬದಲ್ಲಿ ಅವ್ವ ಹುಣ್ಸೆಮರಕ್ಕೆ ಉಯ್ಯಾಲೆ ಕಟ್ಟೋಳು ಕಣ್ಲಾ. ನಾವೆಲ್ಲ ಆಡೋವು. ಇವ್ಳು ಬಿಂದ್ಗೆ ತಕಂಡು ದೂರದ್ ಬಾವಿಗೋಗೋಳು. ಇವ್ಳು ನೀರ್ ಹೊತ್ಕಂಡ್ ಬರೋವತ್ಗೆ ಕತ್ಲಾಗಿ, ಹಗ್ಗ ಬಿಚ್ಬುಟ್ಟಿರೋರು. ಪ್ರತಿ ವರ್ಸಾನೂ ಅಂಗೇ ಆಗೋದು. ನಾನ್ ಒಂದ್ ಸಲಾನೂ ಇಳ್ದು, ನೀ ಕುಂತ್ಕ ಅನ್ನಲಿಲ್ಲ."

ಅಮ್ಮ ಇದನ್ನು ನನಗೆ ಯಾವತ್ತೂ ಹೇಳಿರಲಿಲ್ಲ.

ಮಾವ ಅವಳ ಕೈ ಹಿಡಿದು ಕೂರಿಸಿ, ಹಿಂದೆ ನಿಂತು ಮೆಲ್ಲಗೆ ತಳ್ಳಿದ. ನಿಂಬೆಹಣ್ಣು ದಾಟಿ ಉಯ್ಯಾಲೆ ಮುಂದೆ ಹೋಯಿತು. ಮಕ್ಕಳು ಕೂಡ ಗದ್ದಲ ನಿಲ್ಲಿಸಿ ನೋಡುತ್ತಿದ್ದವು. ಅಮ್ಮ ಸರಪಳಿಯನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡು ಹೇಳಿದಳು:

"ಇನ್ನೂ ಒಸಿ ಜೋರಾಗ್ ತೂಗ್ಲಾ."