ಉಗ್ರದೊರೆಯ ಭಾಷಣ

ನಾನು ಏನು ತಯಾರಿ ಮಾಡಿಕೊಂಡು ಕೂತಿರುತ್ತೇನೋ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ನಡೆಯುವುದೇ ನಮ್ಮ ರವಿವಾರದ ಆಟ. ಗಜೇಂದ್ರಗಡದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ರವಿವಾರ ಮಧ್ಯಾಹ್ನ ಶಟರ್ ಅರ್ಧ ಎಳೆದು ಕಥೆಯ ಆಟ ಆಡುತ್ತೇವೆ. ಮೊಬೈಲಿನಲ್ಲಿ ನೋಡಿ ಕಲಿತದ್ದು. ಕಥೆ ಹೇಳುವವನು ನಾನು, ಉಳಿದವರು ಕಥೆಯೊಳಗಿನ ವೀರರು. ಎದುರಿಗೆ ಹುಲಿ ಬಂತು ಅಂತ ನಾನು ಹೇಳಿದರೆ, ಏನು ಮಾಡುತ್ತೇವೆ ಅಂತ ಅವರು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ದಾಳ ಹೇಳುತ್ತದೆ.

ನನ್ನ ವೀರರೆಂದರೆ ರೋಣ-ನರಗುಂದ ಬಸ್ಸಿನ ಕಂಡಕ್ಟರ್, ಕೈಮಗ್ಗದಲ್ಲಿ ಸೀರೆ ನೇಯುವ ಒಬ್ಬ ಅಕ್ಕ, ಸವಡಿಯಿಂದ ಬರುವ ನಿವೃತ್ತ ಮಾಸ್ತರರು. ಕಥೆಯ ಕೊನೆಗೆ ಕೋಟೆಯಲ್ಲಿ ಉಗ್ರದೊರೆ ಎಂಬ ದುಷ್ಟ ಕಾಯುತ್ತಿರುತ್ತಾನೆ. ಅವನ ಬಾಯಿಗೆ ನಾನೊಂದು ಭಾಷಣ ಬರೆದು, ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದ್ದೆ. ಅದನ್ನು ಒಂದು ಸಲವಾದರೂ ಪೂರ್ತಿ ಹೇಳಬೇಕು, ಇವರು ಗಡಗಡ ನಡುಗಬೇಕು. ನನ್ನ ಆಸೆ ಅಷ್ಟೇ.

ಕಾಡಿನ ಕಳ್ಳರು

ಮೊದಲ ವಾರ ವೀರರು ಎತ್ತಿನ ಬಂಡಿಯಲ್ಲಿ ಕಾಡು ದಾಟುತ್ತಿದ್ದರು. ಕತ್ತಿ ಹಿಡಿದ ಕಳ್ಳರು ಬಂಡಿಗೆ ಅಡ್ಡ ನಿಂತರು ಅಂತ ದನಿ ತಗ್ಗಿಸಿ ಹೇಳಿದೆ. ಒಂದು ದೊಡ್ಡ ಕಾಳಗವನ್ನೇ ತಯಾರಿ ಮಾಡಿಕೊಂಡಿದ್ದೆ. ಕಂಡಕ್ಟರ್ ಕತ್ತಿಯ ಸುದ್ದಿಯನ್ನೇ ಎತ್ತಲಿಲ್ಲ. ರಸ್ತೆಯಲ್ಲಿ ಕೈ ಅಡ್ಡ ಹಿಡಿದವರನ್ನು ಹತ್ತಿಸಿಕೊಳ್ಳದೆ ಬಿಟ್ಟು ಅವನಿಗೆ ರೂಢಿಯಿಲ್ಲ. "ಒಳಗ ಸರೀರಿ, ಹಿಂದ ಜಾಗ ಐತಿ," ಅಂದು ದಾಳ ಉರುಳಿಸಿದ. ದಾಳವೂ ಅವನ ಕಡೆಗೇ ಬಿತ್ತು.

ಕಳ್ಳರು ಬಂಡಿ ಹತ್ತಿ ಕೂತರು. ಅವರ ನಾಯಕ ಹೋಗಿ ಹೆಂಗಸರ ಜಾಗದಲ್ಲಿ ಕೂತಿದ್ದಾನೆ ಅಂತ ಹೇಳಿ, ಅಲ್ಲಾದರೂ ಜಗಳ ಹುಟ್ಟಿಸಲು ನೋಡಿದೆ. ಕಂಡಕ್ಟರ್ ಅವನನ್ನು ಎಬ್ಬಿಸಿ, ಮುಂದಿನ ಊರು ಬರುವವರೆಗೂ ನಿಲ್ಲಿಸಿಕೊಂಡೇ ಕರೆದೊಯ್ದ.

ದೆವ್ವದ ಮನೆ

ಆಮೇಲೊಂದು ಪಾಳುಮನೆ ಕಟ್ಟಿದೆ. ಅಟ್ಟದ ಮೇಲೆ ದೆವ್ವ, ದೆವ್ವದ ಹತ್ತಿರ ಕೋಟೆಯ ಕೀಲಿ. ಕೆಳಗಿನ ಕೋಣೆ ಬರಿದಾಗಿ ಕಾಣಬಾರದೆಂದು ಒಂದು ಮಗ್ಗ ಇಟ್ಟು, ಅದರ ಮೇಲೆ ಅರ್ಧ ನೇಯ್ದ ಸೀರೆ ಇದೆ ಅಂತ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಅಕ್ಕ ಅಲ್ಲೇ ಕೂತುಬಿಟ್ಟಳು. ಎಳೆ ಎಷ್ಟು ಕಡಿದಿವೆ, ಅಂಚು ಯಾವುದು ಅಂತ ನನ್ನನ್ನೇ ಕೇಳತೊಡಗಿದಳು. ಮೇಲೆ ದೆವ್ವ ಅಳುತ್ತಿದೆ ಅಂತ ನೆನಪು ಮಾಡಿದೆ.

"ಅಳ್ಳಿ ಬಿಡ್ರಿ. ಮಗ್ಗದ ಮ್ಯಾಲ ಸೀರಿ ಅರ್ಧಾ ಬಿಟ್ಟು ಹೋದ್ರ ಯಾರಿಗರೆ ಸಮಾಧಾನ ಇರ್ತೈತೇನು? ನಾನೂ ಅಳ್ತಿದ್ನಿ," ಅಂದಳು.

ಆ ಮಧ್ಯಾಹ್ನವೆಲ್ಲ ಸೆರಗು ನೇಯುವುದರಲ್ಲೇ ಹೋಯಿತು. ನನಗೂ ಅಳು ಬರುವಂತಾಗಿತ್ತು. ದೆವ್ವ ತಾನೇ ಇಳಿದು ಬಂದು ಕೀಲಿ ಕೊಟ್ಟು, ಸೀರೆ ಉಟ್ಟು ಹೋಯಿತು.

ಮಾತಾಡುವ ಬಾಗಿಲು

ದೆವ್ವ ಕೊಟ್ಟ ಕೀಲಿ ಒಳಬಾಗಿಲಿನದು. ಕೋಟೆಯ ಹೊರಬಾಗಿಲು ಒಂದು ಒಗಟು ಕೇಳುತ್ತದೆ, ಬಿಡಿಸಿದರೆ ತೆರೆಯುತ್ತದೆ. ಪ್ರಶ್ನೆ ಸ್ಪಷ್ಟವಾಗಿಲ್ಲ ಅಂತ ಮಾಸ್ತರರು ತಕರಾರು ತೆಗೆದರು. ಸಾಲಿಯಲ್ಲಿ ಯಾರು ಕಲಿಸಿದ್ದು ಅಂತ ಬಾಗಿಲನ್ನೇ ವಿಚಾರಿಸಿದರು. ಉತ್ತರ ಅವರಿಗೆ ಕೊನೆಗೂ ಹೊಳೆಯಲಿಲ್ಲ. ಆದರೂ ಬೈಗುಳ ತಾಳಲಾರದೆ ಬಾಗಿಲು ತೆರೆದುಕೊಂಡಿತು.

ದೊರೆಯ ಮನೆ

ಅಷ್ಟರಲ್ಲಿ ಕಂಡಕ್ಟರ್‌ಗೆ ದೂರದ ಡಿಪೋಗೆ ವರ್ಗವಾಯಿತು. ಬರುವ ರವಿವಾರವೇ ನಮ್ಮ ಕೊನೆಯ ಆಟ. ನನಗೆ ಖರೇನೇ ಬೇಜಾರಾಯಿತು. ಭಾಷಣವನ್ನಾದರೂ ಹೇಳಿ ಮುಗಿಸೋಣವೆಂದು ಕೋಟೆಯೊಳಗೆ ಬಂಡಿ, ಮಗ್ಗ, ಒಗಟು ಒಂದೂ ಇಲ್ಲದಂತೆ ಮಾಡಿದೆ. ವೀರರು ನೆಟ್ಟಗೆ ದರ್ಬಾರಿಗೆ ಬಂದರು. ಉಗ್ರದೊರೆ ಎದ್ದು ನಿಂತ. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ.

ಅಕ್ಕ ನಡುವೆಯೇ ತಡೆದಳು. "ಮನೀಗೆ ಬಂದವ್ರಿಗೆ ಕೈಕಾಲಿಗೆ ನೀರ ಕೊಟ್ಟಿಲ್ಲ, ಕೂಡ್ರಿ ಅಂದಿಲ್ಲ, ಮಾತ ಚಾಲೂ ಮಾಡ್ಯಾನ. ಏಳ್ರಿ, ಹೋಗೂಣು."

ಮೂವರೂ ಕೋಟೆ ಬಿಟ್ಟು ಹೊರಟೇಬಿಟ್ಟರು. ನಾನು ಗಾಬರಿಯಾಗಿ ದೊರೆಯನ್ನು ಅವರ ಹಿಂದೆ ಓಡಿಸಿದೆ. ಅವನ ಬಾಯಿಂದಲೇ ತಪ್ಪಾಯಿತು ಅನ್ನಿಸಿ, ಅವರ ಕೈಕಾಲು ತೊಳೆಸಿ, ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬಡಿಸಿದೆ. ಉಂಡಾಯಿತು. ಇನ್ನಾದರೂ ಕತ್ತಿ ತೆಗೆಯಿರಿ ಅಂದೆ.

ಮೂವರೂ ಮುಖ ಮುಖ ನೋಡಿಕೊಂಡರು. ಉಂಡ ಮನೆಯವನ ಮೇಲೆ ಕೈ ಎತ್ತುವುದು ಹ್ಯಾಂಗ ಅಂದರು ಮಾಸ್ತರರು. ಸರಿ, ದೊರೆಯೇ ಮೇಲೆ ಬೀಳುತ್ತಾನೆ ಅಂದೆ. ಉಣ್ಣಿಸಿ ಹೊಡೆಯುವ ಮನೆತನದವನ ಹಾಗೆ ಅವನು ಕಾಣುವುದಿಲ್ಲ ಅಂತ ಅವರೇ ದೊರೆಯ ಪರವಾಗಿ ವಾದ ಮಾಡಿದರು. ಹಾಗಾದರೆ ಕಥೆ ಮುಗಿಯುವುದು ಹೇಗೆ, ಇದೇ ಕೊನೆಯ ಆಟವಲ್ಲವೇ ಅಂದೆ.

ಕಂಡಕ್ಟರ್ ದಾಳವನ್ನು ಕಿಸೆಗೆ ಹಾಕಿಕೊಂಡ.

"ಹ್ಯಾಂಗ ಮುಗೀತೈತ್ರಿ? ಅವರ ಮನ್ಯಾಗ ಉಂಡೀವಿ, ನಾವೂ ಕರೀಬೇಕಲ್ಲ. ನಾನ ಕರದೀನಿ, ಅಂದ್ರ ಊಟದ ದಿನ ನಾನ ಇರಬೇಕು. ರಜಾ ಹಾಕಿ ಬರ್ತೀನಿ," ಅಂದ.

ನಾನು ಭಾಷಣದ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತೆ. ಅಕ್ಕ ಶಟರ್ ಎತ್ತಿ ಹೊರಗೆ ಕಾಲಿಟ್ಟವಳು ತಿರುಗಿ ನಿಂತಳು.

"ನಿಮ್ಮ ದೊರೀಗೆ ಹೇಳ್ರಿ, ಊಟಕ್ಕ ಅವನಷ್ಟ ಬರ್ಲಿ. ಭಾಷಣ ಮನ್ಯಾಗ ಬಿಟ್ಟು ಬರ್ಲಿ."