ಬೋಲ್ಟ್ ಒತ್ತುವ ಹುದ್ದೆ

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಸೋದರಮಾವ. ದೇವರಿಗೆ ಹೆದರಿ ನಡೆದವರು; ಹಾಗಾಗಿ ಇದು ನಡೆದೇ ಇರಬೇಕು.

ಊರಿಗೆಲ್ಲ ನೀರೆತ್ತುವ ಎಂಜಿನ್ನಿನ ಬ್ಲಾಕಿನಲ್ಲಿ ಒಂದು ಬೋಲ್ಟಿನ ತೂತಿನ ಥ್ರೆಡ್ಡು, ಅಂದರೆ ಒಳಗಿನ ತಿರುಪು ಗೆರೆ, ಸವೆದುಹೋಗಿತ್ತು. ಎಷ್ಟು ತಿರುಗಿಸಿದರೂ ಬೋಲ್ಟು ಸುಮ್ಮನೆ ಸುತ್ತುತ್ತಿತ್ತೇ ಹೊರತು ಬಿಗಿಯಾಗುತ್ತಿರಲಿಲ್ಲ. ಎಂಜಿನ್ ಬುಸ್ಸೆಂದು ನಿಂತಿತು, ಊರಿನ ನಲ್ಲಿಗಳೂ ನಿಂತವು.

"ಊರಿನ ಎಂಜಿನ್ ನೋಡ್ಕೊಳ್ಳೋರ ಮನೇಲೇ ಮುಖ ತೊಳೆಯೋಕೆ ನೀರಿಲ್ಲ!" ಎಂದು ಎಂಜಿನ್ ರಿಪೇರಿಯ ಫಿಟ್ಟರನನ್ನು ಅವನ ಹೆಂಡತಿ ಹಂಗಿಸಿದಳು.

ಅವನು ಕಚೇರಿಯ ಸಾಹೇಬರ ಮುಂದೆ ಕೈಕಟ್ಟಿ ನಿಂತ. "ತೂತನ್ನ ಸ್ವಲ್ಪ ದೊಡ್ಡದಾಗಿ ಕೊರೆದು, ಹೊಸ ಥ್ರೆಡ್ ಹಾಕಿ, ಒಳಗೊಂದು ತಂತಿಸುರುಳಿ ಕೂರಿಸಿದರೆ ಬೋಲ್ಟು ಬಿಗಿಯುತ್ತೆ, ಸಂಜೆಗೆ ನೀರು ಬರುತ್ತೆ ಸಾರ್."

"ಏನಯ್ಯಾ, ಕೆಟ್ಟಿರೋದೇ ತೂತು. ಅದನ್ನ ಇನ್ನೂ ದೊಡ್ಡದು ಮಾಡ್ತೀಯಾ?"

"ಮಾಡದೆ ಸರಿಹೋಗಲ್ಲ ಸಾರ್."

"ಕಚೇರಿಯ ಸ್ವತ್ತಿನಲ್ಲಿರುವ ತೂತುಗಳನ್ನು ಹಿಗ್ಗಿಸತಕ್ಕದ್ದಲ್ಲ ಅಂತ ನಿಯಮವಿದೆ. ಆ ನಿಯಮ ಸೋರೋ ಚಾವಣಿಗೆ ಅಂತ ಮಾಡಿದ್ದು, ನಿಜ. ಆದರೆ ತೂತು ತೂತೇ."

ಹಾಗೆಂದು ಸಾಹೇಬರು ಜನಹಿತ ಮರೆಯುವವರಲ್ಲ. ಮರುದಿನವೇ ಪ್ರಕಟಣೆ ಹೊರಟಿತು: "ಸದರಿ ಬೋಲ್ಟು ಸ್ವಂತ ಬಲದಿಂದ ನಿಲ್ಲಲು ಅಸಮರ್ಥವಾಗಿರುವ ಕಾರಣ, ಅದನ್ನು ಒತ್ತಿ ಹಿಡಿಯಲು ದಷ್ಟಪುಷ್ಟ ವ್ಯಕ್ತಿಯೊಬ್ಬರನ್ನು ನೇಮಿಸತಕ್ಕದ್ದು." ಊರೆಲ್ಲ ಜಾಲಾಡಿದರೂ ಅಷ್ಟು ತೂಕದವರು ಸಾಹೇಬರ ಭಾವಮೈದುನರೊಬ್ಬರೇ ಸಿಕ್ಕರು.

ಅವರು ಬೋಲ್ಟಿನ ಮೇಲೆ ಹಲಗೆ, ಹಲಗೆಯ ಮೇಲೆ ದಿಂಬು, ದಿಂಬಿನ ಮೇಲೆ ತಾವು ಎಂಬ ಕ್ರಮದಲ್ಲಿ ಆಸೀನರಾದರು. ನೀರು ಬಂತು. ಅವರು ಚಹಾಕ್ಕೆ ಎದ್ದಾಗ ನಿಂತಿತು. ಅವರು ಸೀನಿದರೆ ಊರಿನ ನಲ್ಲಿಗಳೆಲ್ಲ ಸೀನಿದವು.

ಹೆಂಡತಿಯ ಮಾತು ತಾಳಲಾರದೆ ಫಿಟ್ಟರ್ ಒಂದು ರಜಾದಿನ ಕದ್ದು ಹೋಗಿ ತೂತು ಕೊರೆದು, ಸುರುಳಿ ಕೂರಿಸಿ, ಬೋಲ್ಟು ಬಿಗಿದ. ಮರುದಿನ ಭಾವಮೈದುನರು ಎಂದಿನಂತೆ ಚಹಾಕ್ಕೆ ಎದ್ದರು. ನೀರು ನಿಲ್ಲಲಿಲ್ಲ. ಕಚೇರಿಯೆಲ್ಲ ಗಾಬರಿಯಾಯಿತು.

"ಒತ್ತುವವರಿಲ್ಲದೆ ಬೋಲ್ಟು ನಿಲ್ಲೋದು ಅಶಿಸ್ತು ಕಣಯ್ಯಾ! ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ!" ಎಂದು ಸಾಹೇಬರು ಫಿಟ್ಟರನನ್ನು ಕರೆಸಿ ಗದರಿದರು.

ಫಿಟ್ಟರ್ ಗಳಗಳನೆ ಅತ್ತ. ಸಾಹೇಬರದೂ ತಾಯಿಕರುಳು. ದನಿ ತಗ್ಗಿಸಿ ಕೇಳಿದರು: "ನಿಮ್ಮ ಮನೇಲಿ ತೂಕದವರು ಯಾರೂ ಇಲ್ವೇನೋ?"

"ನನ್ನ ಹೆಂಡತಿ ತಮ್ಮ ಇದ್ದಾನೆ ಸಾರ್. ಊಟಕ್ಕೆ ಕೂತರೆ ಎಬ್ಬಿಸೋಕೆ ಇಬ್ಬರು ಬೇಕು."

"ಪಕ್ಕದ ಬೋಲ್ಟು ಹೇಗಿದೆ?"

"ಗಟ್ಟಿಯಾಗಿದೆ ಸಾರ್."

"ಎಷ್ಟು ಗಟ್ಟಿ ಅಂತ ಪರೀಕ್ಷೆ ಮಾಡು."

ಫಿಟ್ಟರ್ ಉದ್ದನೆಯ ಸ್ಪ್ಯಾನರ್ ಹಾಕಿ, ಹಲ್ಲುಕಚ್ಚಿ ಪಕ್ಕದ್ದನ್ನೂ ತಾನು ಸರಿಮಾಡಿದ್ದನ್ನೂ ಪರೀಕ್ಷಿಸಿದ. ಎರಡೂ ಬೋಲ್ಟುಗಳು ಸುಮ್ಮನೆ ಸುತ್ತತೊಡಗಿದವು.

ಈಗ ಇಬ್ಬರು ಭಾವಮೈದುನರೂ ಜೊತೆಯಾಗಿ ಕೂತಾಗ ಮಾತ್ರ ನೀರು. ಬೀದಿಯಲ್ಲಿ ಜನ ಒಬ್ಬರನ್ನೊಬ್ಬರು "ಕೂತ್ರಂತಾ?" ಎಂದು ಕೇಳಿಕೊಂಡೇ ಕೊಡ ಹಿಡಿಯುತ್ತಾರೆ. ಫಿಟ್ಟರನ ಮನೆಗೆ ಮೊದಲಿಗಿಂತ ಕಡಿಮೆ ನೀರು. "ನನ್ನ ತಮ್ಮನಿಗೊಂದು ದಾರಿಯಾಯ್ತಲ್ಲ. ನೀರೇನ್ರೀ, ಬಂದಾಗ ಬರುತ್ತೆ" ಎನ್ನುತ್ತಾಳೆ ಹೆಂಡತಿ.

ಓದಿದವರು ಇದನ್ನು ನಾಲ್ಕು ಜನರಿಗೆ ದಯವಿಟ್ಟು ತಿಳಿಸಿ. ತೂಕದ ಬಂಧುಗಳಿರುವವರಿಗೆ ಮೊದಲು ತಿಳಿಸಿ. ಆ ಎಂಜಿನ್ನಿನಲ್ಲಿ ಗಟ್ಟಿ ಬೋಲ್ಟುಗಳು ಇನ್ನೂ ಇವೆ.