ಬಸಲಿಂಗಪ್ಪನ ದವಡೆ ಹಲ್ಲು

ಬಸಲಿಂಗಪ್ಪನಿಗೆ ಲಗ್ನವೇ ಆಗಿರಲಿಲ್ಲ. ಆದರೆ ಅವನ ಹೆಂಡತಿ ಸತ್ತು ಆರು ವರ್ಷವಾಗಿತ್ತು.

ಇದಕ್ಕೆಲ್ಲ ಕಾರಣ ಒಂದು ದವಡೆ ಹಲ್ಲು. ಎಪ್ಪತ್ತೈದನೇ ಇಸವಿಯಲ್ಲಿ, ಕನ್ಯೆಯ ಕಡೆಯವರಿಗೆ ಕಳಿಸಲೆಂದು ಫೋಟೋ ತೆಗೆಸಿಕೊಳ್ಳಲು ಬಾಳಕೃಷ್ಣನ ಸ್ಟುಡಿಯೋಕ್ಕೆ ಹೋಗಿದ್ದ. ಅಂದೇ ಹಲ್ಲು ಕೆರಳಬೇಕೆ? ಗಲ್ಲಕ್ಕೆ ಕೈ ಹಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು ಕೂತವನು 'ತಡೀರಿ' ಅನ್ನುವಷ್ಟರಲ್ಲಿ ಬಾಳಕೃಷ್ಣ ಗುಂಡಿ ಒತ್ತಿಬಿಟ್ಟ. ಆ ಫೋಟೋ ಒಂದು ಮಾಸಪತ್ರಿಕೆಯ ದೀಪಾವಳಿ ವಿಶೇಷಾಂಕದಲ್ಲಿ ಪುಟ ತುಂಬ ಬಂತು. ಕೆಳಗೆ ಬಾಳಕೃಷ್ಣ ಇಟ್ಟ ಹೆಸರು: 'ಮಡದಿ ಹೋದ ಮೇಲೆ'.

ವಿಶೇಷಾಂಕಗಳು ರದ್ದಿಗೆ ಹೋದವು; ಆ ಹಾಳೆ ಮಾತ್ರ ಹೋಗಲಿಲ್ಲ. ಕ್ಷೌರದಂಗಡಿಯ ಕನ್ನಡಿಯ ಬಾಜು, ಚಹಾದಂಗಡಿಯ ದೇವರ ಪಟದ ಕೆಳಗೆ, ಬೇಡದ ನೆಂಟನಂತೆ ತಳವೂರಿತು. ಬೆಳಗಾವಿಯ ರವಿವಾರ ಪೇಟೆಯ ಬೆಲ್ಲದಂಗಡಿಯಲ್ಲಿ ಗುಮಾಸ್ತನಾಗಿದ್ದ ಬಸಲಿಂಗಪ್ಪ ನಕ್ಕರೂ ಜನ, "ಪಾಪ, ದುಃಖ ಮರಿಯಾಕ ನಗತಾನ" ಅನ್ನುತ್ತಿದ್ದರು. ಹೆಣ್ಣಿನವರು "ಎರಡನೇ ಸಂಬಂಧ ಬ್ಯಾಡ್ರಿ" ಎಂದು ಚಹಾ ಕುಡಿಸಿ ಕಳಿಸುತ್ತಿದ್ದರು.

ಹೀಗಿರುವಾಗ ಬಾಜೂ ಮನೆಯ ಕಲ್ಲಯ್ಯ ಖಾನಾಪುರದಲ್ಲಿ ಒಂದು ಹೆಣ್ಣು ಗೊತ್ತುಮಾಡಿದ. ಬಸ್ಸಿನಲ್ಲಿ ಬಸಲಿಂಗಪ್ಪ ಮುಖಕ್ಕೆ ನಗೆ ಅಂಟಿಸಿಕೊಂಡೇ ಕೂತ. ಆದರೂ ಒಬ್ಬ ಮುದುಕಿ ಅವನನ್ನು ದಿಟ್ಟಿಸಿ, "ಪುಣ್ಯವಂತಿ ನೋಡಪಾ ನಿನ್ನ ಹೆಂಡತಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೆಣ್ಣಿನ ಅಪ್ಪ, ಹಂಚಿನ ಭಟ್ಟಿಯ ಈರಣ್ಣನ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತ ತಲೆಯೆತ್ತಿದರೆ ಎದುರು ಗೋಡೆಗೆ ಅದೇ ಫೋಟೋ, ಗಾಜು ಹಾಕಿಸಿದ್ದು. ಬಸಲಿಂಗಪ್ಪನ ಬಾಯೊಳಗಿನ ತುತ್ತು ಬಾಯೊಳಗೇ ಉಳಿಯಿತು.

"ಖರೇನ ನೀವ ಏನ್ರಿ ಅದು?" ಎಂದ ಈರಣ್ಣ.

"ನಾನ ಖರೇರಿ. ಆದರ ಅದು ಹಲ್ಲುಬ್ಯಾನಿ."

ಕಲ್ಲಯ್ಯ ಅವನ ಕಾಲು ತುಳಿದ.

"ಅಯ್ನಾರ, ಕಾಲು ಯಾಕ ತುಳೀತೀರಿ? ನನಗ ಹೆಂಡತಿನ ಇದ್ದಿಲ್ರಿ!"

ಚಹಾ ತಂದ ಮಗಳು ಕಾಂತಾ ಬಾಗಿಲಲ್ಲೇ ನಿಂತಳು. "ಇದ್ದಿಲ್ಲಾ?"

ಅವಳ ಮುಖ ಬಾಡಿದ್ದನ್ನು ಬಸಲಿಂಗಪ್ಪ ಅನುಮಾನವೆಂದುಕೊಂಡ. "ಬೆಳಗಾವಿಗೆ ಬರ್ರಿ. ಫೋಟೋ ತೆಗದಾಂವನ ಬಾಯಿಲೆ ಕೇಳ್ರಿ."

"ಹೋಗೂಣಪ್ಪಾ" ಎಂದಳು ಕಾಂತಾ. "ನಾನೂ ಕೇಳಬೇಕು."

ಹಿಂದಿರುಗುವ ಬಸ್ಸಿನಲ್ಲಿ ಬಸಲಿಂಗಪ್ಪ ಕೂರಲೇ ಇಲ್ಲ. ಕಾದ ಹೆಂಚಿನ ಮೇಲೆ ನಿಂತವನಂತೆ ಕಾಲು ಬದಲಿಸುತ್ತಿದ್ದ. ಕಲ್ಲಯ್ಯ ಅವನ ಕಿವಿಯಲ್ಲಿ ಏನೋ ಹೇಳಲು ಬಾಯಿ ತೆಗೆದಾಗೆಲ್ಲ ಈರಣ್ಣ ನಡುವೆ ತಲೆ ತೂರಿಸುತ್ತಿದ್ದ.

ಸ್ಟುಡಿಯೋದಲ್ಲಿ ಬಾಳಕೃಷ್ಣ ಮೊದಲು ಒಪ್ಪಲಿಲ್ಲ. "ಹಲ್ಲುಬ್ಯಾನಿ ಅಂದ್ರ ಹೆಂಗ್ರಿ? ಅದಕ್ಕ ಸ್ಪರ್ಧಾದಾಗ ಬಕ್ಷೀಸ ಬಂದದ."

"ನಿಮ್ಮ ಕಾಲು ಬೀಳ್ತೀನ್ರಿ. ನನ್ನ ಲಗ್ನದ ಪ್ರಶ್ನೆ ಐತಿ."

ಬಾಳಕೃಷ್ಣ ನಿಟ್ಟುಸಿರು ಬಿಟ್ಟು, ಡಬ್ಬಿ ಹುಡುಕಿ ಅದೇ ದಿನದ ಇನ್ನೊಂದು ಫೋಟೋ ತೆಗೆದ. ಅದರಲ್ಲಿ ಬಸಲಿಂಗಪ್ಪ ಹಾಳುಬಾವಿಯಂತೆ ಬಾಯಿ ತೆರೆದು, ಬೆರಳಿನಿಂದ ಹಲ್ಲು ತೋರಿಸುತ್ತಿದ್ದ. "ಹೌದ್ರಿ, ಹಲ್ಲ ಅದು. ಹೆಂಡತೀನ್ನ ಕೊಂದಾಂವ ನಾ."

"ನೋಡಿದ್ರೀ?" ಬಸಲಿಂಗಪ್ಪ ಕುಸ್ತಿ ಗೆದ್ದವನಂತೆ ಎದೆಯುಬ್ಬಿಸಿದ.

ಕಾಂತಾ ಆ ಫೋಟೋವನ್ನು ಬಹಳ ಹೊತ್ತು ನೋಡಿ ಕೆಳಗಿಟ್ಟಳು. "ಅಪ್ಪಾ, ಮನಿಗೆ ನಡಿ."

ಈರಣ್ಣ ಕೈಮುಗಿದ. "ಬ್ಯಾಸರ ಮಾಡ್ಕೋಬ್ಯಾಡ್ರಿ. ಬಂದ ಗಂಡುಗಳಿಗೆಲ್ಲ ಇಕಿ ಆ ಫೋಟೋ ತೋರಿಸಿ ಒಲ್ಲೆ ಅಂದಾಳ. ಹೆಂಡತಿ ಸಲುವಾಗಿ ಹಿಂಗ ಅಳಾಂವ ಬೇಕಂತ. ಎರಡನೇ ಸಂಬಂಧ ಆದರೂ ನಡೀತೈತಿ ಅಂತ ನಾನ ಈ ಕಲ್ಲಯ್ನಾರ ಮುಂದ ಹೇಳಿದ್ದೆ."

"ಹಲ್ಲಿನ ಸಲುವಾಗಿ ಎಲ್ಲಾರೂ ಅಳ್ತಾರ" ಎಂದು ಕಾಂತಾ ಹೊಸ್ತಿಲು ದಾಟಿದಳು.

ಬಸಲಿಂಗಪ್ಪ ಕಲ್ಲಯ್ಯನ ಕಡೆ ತಿರುಗಿದ. "ನನಗ ಮೊದಲ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಬರತಿದ್ದೇನು? ಕಾಲು ತುಳದು ಹೇಳಿದೆ ತಮ್ಮಾ. ಇನ್ನ ಎಲ್ಲಿ ತುಳೀಬೇಕಿತ್ತು?"

ಬಸಲಿಂಗಪ್ಪ ಅಂದು ಫೋಟೋಕ್ಕೆ ಕೂತಿದ್ದ ಅದೇ ಹಳೆಯ ಸ್ಟೂಲಿನ ಮೇಲೆ ಕುಸಿದ. ಕೈ ತಾನಾಗಿ ಗಲ್ಲಕ್ಕೆ ಹೋಯಿತು. ಕಣ್ಣು ತುಂಬಿತು, ಈ ಸಲ ಹಲ್ಲಿನ ಸಲುವಾಗಿ ಅಲ್ಲ. ಬಾಳಕೃಷ್ಣ ಸದ್ದಿಲ್ಲದೆ ಕ್ಯಾಮೆರಾದ ಹಿಂದೆ ಹೋಗಿ ಕಣ್ಣಿಟ್ಟ.

ತುಸು ಹೊತ್ತಿನ ಮೇಲೆ ಬಾಳಕೃಷ್ಣ ತಲೆಯೆತ್ತಿ, ಕ್ಯಾಮೆರಾಕ್ಕೆ ಮುಚ್ಚಳ ಹಾಕಿದ.

"ಬ್ಯಾಡ ಬಿಡ್ರಿ ಬಸಲಿಂಗಪ್ನೋರ. ಹಲ್ಲುಬ್ಯಾನಿಯಷ್ಟು ಖರೇ ಕಾಣಂಗಿಲ್ಲ."